ಅಡುಗೆ ಅಮ್ಮನಿಗೆ ಮಾಡಿದ ಶುಭಾಶಯ ಪತ್ರ



ಕೈಯಿಂದಲೇ ಶುಭಾಶಯ ಪತ್ರ ಮಾಡುವುದು ಹೇಗೆ ಅಂತ ಗೋಡೆ ಪತ್ರಿಕೆಗೆ ಬರೆದುಕೊಡು ಎಂದು ಸರ್ ಹೇಳಿದ್ದಾರೆ. ನಾನು ಮಾಡಿರುವುದು ಒಂದೇ ಒಂದು. ಅದೂ ಮೂರನೇ ಸಲಕ್ಕೆ ಸರಿಯಾಯಿತು. ಅದನ್ನೇ ಬರೆಯುತ್ತೇನೆ.

ನಮ್ಮ ಬಿಸಿಯೂಟದ ಅಡುಗೆ ಅಮ್ಮನಿಗೆ 60 ವರ್ಷ ತುಂಬಿ ಕೆಲಸ ಬಿಡುವ ದಿನ ಬಂತಲ್ಲ, ಆಗ ನಮ್ಮ ಎಂಟನೇ ತರಗತಿಯವರು ಏನಾದ್ರೂ ಕೊಡೋಣ ಅಂದುಕೊಂಡೆವು. ಚಿತ್ರ ಚೆನ್ನಾಗಿ ಬಿಡಿಸ್ತೀಯ ಅಂತ ಕಾರ್ಡಿನ ಕೆಲಸ ನನಗೆ ಬಿತ್ತು. ಡ್ರಾಯಿಂಗ್ ಶೀಟಿನ ಮೇಲೆ ಗುಲಾಬಿ ಹೂವು, ಎರಡು ಪಾರಿವಾಳ ಬಿಡಿಸಿ, ಒಳಗೆ 16 ಸಾಲಿನ ಪದ್ಯ ಬರೆದೆ. ಸಾಲಿಗೊಂದು ಬಣ್ಣದ ಸ್ಕೆಚ್ ಪೆನ್ನು. ಮನೆಯಲ್ಲಿ ಅವ್ವನಿಗೆ ತೋರಿಸಿದೆ. "ಚೆಂದಾಗೈತೆ. ಇದನ್ನ ಅವ್ರಿಗೆ ಓದಿ ಹೇಳೋರು ಯಾರು?" ಅಂದಳು.

ಅಡುಗೆ ಅಮ್ಮನಿಗೆ ಓದು ಬರಹ ಬರುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ಆರನೇ ತರಗತಿಯಲ್ಲಿದ್ದಾಗ ಅವರು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ನೋಡಿ ನಾವು ಮೂರು ಜನ ನಕ್ಕಿದ್ದೆವು. ಅವರು ತಿರುಗಿ ನೋಡಿದರು. ಏನೂ ಅನ್ನಲಿಲ್ಲ. ಅವತ್ತೂ ನನ್ನ ತಟ್ಟೆಗೆ ಎರಡು ಸೌಟು ಸಾಂಬಾರು ಹಾಕಿದರು.

ಗುಲಾಬಿಯ ಕಾರ್ಡು ಹಾಗೇ ಉಳಿಯಿತು. ಇಂಗ್ಲೆಂಡಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬುವವರು ಹಾರ್ಸ್ಲಿ ಎಂಬ ಚಿತ್ರಕಾರರಿಂದ ಚಿತ್ರ ಬರೆಸಿ ಸುಮಾರು 1000 ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರಂತೆ. ಒಂದಕ್ಕೆ ಒಂದು ಶಿಲ್ಲಿಂಗ್ ಬೆಲೆ. ಎಲ್ಲರಿಗೂ ಅದೇ ಚಿತ್ರ, ಯಾರಿಗೆ, ಯಾರಿಂದ ಅಂತ ತುಂಬಲು ಮಾತ್ರ ಖಾಲಿ ಜಾಗ. ನಾನು ಕೈಯಿಂದ ಮಾಡಿದ್ದರೂ ಅದೇ ತರಹದ್ದನ್ನೇ ಮಾಡಿದ್ದೆ. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಕೊಡಬಹುದಿತ್ತು.

ಹಾಗಾದರೆ ಓದು ಬಾರದವರಿಗೆ ಏನು ಬರೆಯುವುದು? ಎರಡು ದಿನ ಏನೂ ಹೊಳೆಯಲಿಲ್ಲ. ಆಮೇಲೆ ಏಳನೇ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ ಓದಿದ್ದು ನೆನಪಾಯಿತು. ಅರಿಶಿನ ಬಳಿದ ಕಾಗದಕ್ಕೆ ಸೋಪಿನ ನೀರು ತಾಗಿದರೆ ಕೆಂಪಾಗುತ್ತದೆ. ಆರತಿ ನೀರು ಕೆಂಪಾಗುವುದೂ ಅರಿಶಿನಕ್ಕೆ ಸುಣ್ಣ ಸೇರಿ ತಾನೇ. ಅರಿಶಿನ ಅಂದರೆ ಅವರ ಡಬ್ಬಿಯದ್ದೇ ಸಾಮಾನು. ಒಂದು ಅನ್ನದ ತಪ್ಪಲೆ ಬರೆದು, ಅದರ ಹಬೆಯನ್ನು ನಮ್ಮೆಲ್ಲರ ಹೆಬ್ಬೆಟ್ಟಿನ ಗುರುತಿನಿಂದ ಮಾಡೋಣ ಅನ್ನಿಸಿತು.

ಆದರೆ ಭಯವೂ ಆಯಿತು. "ಟೀಚರ್, ಹೆಬ್ಬೆಟ್ಟು ಹಾಕಿದ್ರೆ ಅವ್ರನ್ನ ಅಣಕಿಸಿದ ಹಾಗೆ ಆಗಲ್ವಾ?" ಅಂತ ಕೇಳಿದೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂದೊಂದೇ ಇದ್ರೆ ಆಗ್ಬೋದು. ಎಲ್ರದ್ದೂ ಇರ್ಲಿ. ನಂದೂ ಹಾಕು" ಅಂದರು.

ಈಗ ಮಾಡುವ ಕ್ರಮ. ಅರ್ಧ ಲೋಟ ಬಿಸಿ ನೀರಿಗೆ ಎರಡು ಚಮಚ ಅರಿಶಿನ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಕಾಗದದ ಮೇಲೆ ಪುಡಿ ಗಂಟು ಕಟ್ಟುತ್ತದೆ. ಹತ್ತಿಯಿಂದ ಒಂದೇ ದಿಕ್ಕಿಗೆ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಒಣಗಿದ ಶೀಟು ಹಪ್ಪಳದ ಹಾಗೆ ಸೊಟ್ಟಗಾಗಿರುತ್ತೆ, ಒಂದು ರಾತ್ರಿ ಪುಸ್ತಕಗಳ ಕೆಳಗೆ ಇಡಬೇಕು.

ಮಡಿಚುವುದರಲ್ಲೂ ಒಂದು ಗುಟ್ಟಿದೆ. ದಪ್ಪ ಕಾಗದವನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ಬಗ್ಗುತ್ತದೆ, ಕಾಗದದ ನಾರು ಹೋಗಿರುವುದು ಆ ಗೆರೆಯ ಜೊತೆಗೇ. ಹಾಗೇ ಮಡಿಚಿದರೆ ಅಂಚು ಬಿರಿಯುವುದಿಲ್ಲ. ಇಂಕು ಮುಗಿದ ರೀಫಿಲ್ಲಿನಿಂದ ಸ್ಕೇಲು ಇಟ್ಟು ಒಂದು ಗೆರೆ ಒತ್ತಿಕೊಂಡರೆ ಇನ್ನೂ ನೆಟ್ಟಗೆ ಬರುತ್ತದೆ.

ಎರಡನೇ ಕಾರ್ಡು ಕೆಟ್ಟಿದ್ದು ಹೆಬ್ಬೆಟ್ಟಿನಲ್ಲಿ. ಬಟ್ಟೆ ಸೋಪಿನ ನೀರಿಗೆ ಬೆರಳು ಅದ್ದಿ ಒತ್ತಿದೆವು. ಗೆರೆ ಒಂದೂ ಮೂಡದೆ ಎಲ್ಲಾ ಹರಡಿಕೊಂಡು ಗಾಯವಾದಂತೆ ಕಂಡಿತು. ಮೂರನೇ ಸಲ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತಟ್ಟೆಯಲ್ಲಿಟ್ಟು, ಗಟ್ಟಿ ಸೋಪಿನ ನೀರು ಸ್ವಲ್ಪವೇ ಹಾಕಿ ಸ್ಟಾಂಪ್ ಪ್ಯಾಡಿನಂತೆ ಮಾಡಿದೆವು. ಬೆರಳು ಮುಟ್ಟಿಸಿ, ಒಮ್ಮೆ ಹಳೇ ಕಾಗದಕ್ಕೆ ಒತ್ತಿ, ಆಮೇಲೆ ಕಾರ್ಡಿಗೆ. ಆಗ ಗೆರೆಗಳು ಬಂದವು. ಒಬ್ಬೊಬ್ಬರದ್ದು ಒಂದೊಂದು ತರಹ. ಒಬ್ಬರ ಬೆರಳಿನ ಗೆರೆ ಇನ್ನೊಬ್ಬರಿಗೆ ಇರುವುದಿಲ್ಲ ಅಂತ ಓದಿದ್ದೆ, ಪಕ್ಕಪಕ್ಕದಲ್ಲಿ ನೋಡಿದ್ದು ಅವತ್ತೇ. ಒಂದನೇ ತರಗತಿಯ ಪುಟ್ಟನೊಬ್ಬ ಮೂರು ಸಲ ಒತ್ತಿಬಿಟ್ಟ. ಇರಲಿ ಅಂತ ಬಿಟ್ಟೆವು, ಅವನು ಅನ್ನವನ್ನೂ ಮೂರು ಸಲ ಹಾಕಿಸಿಕೊಳ್ಳುತ್ತಾನೆ.

ತಪ್ಪಲೆಯನ್ನು ಎಲ್ಲಾ ಒಣಗಿದ ಮೇಲೆ ಕಪ್ಪು ಬಾಲ್‌ಪೆನ್ನಿನಲ್ಲಿ ಬರೆದೆ. ಸ್ಕೆಚ್ ಪೆನ್ನು ತೇವಕ್ಕೆ ಹರಡುತ್ತದೆ. ಒಳಗೆ ಏನೂ ಬರೆಯಲಿಲ್ಲ.

ಕೊಟ್ಟ ದಿನ ಅವರು ಅದನ್ನು ತುಂಬಾ ಹೊತ್ತು ಹಿಡಿದುಕೊಂಡು ನೋಡಿದರು. "ಇದ್ರಾಗೆ ನಿಂದ್ಯಾವ್ದು ಮಗಾ?" ಅಂತ ಕೇಳಿದರು. ತಪ್ಪಲೆ ಬಾಯಿ ಹತ್ತಿರ ಎಡಗಡೆಯದು ಅಂತ ತೋರಿಸಿದೆ. ಅದರ ಮೇಲೆ ತಮ್ಮ ಹೆಬ್ಬೆಟ್ಟು ಇಟ್ಟು ಅಳತೆ ನೋಡಿದರು. ನನಗೆ ಹಳೆಯದೆಲ್ಲ ಹೇಳಬೇಕು ಅನ್ನಿಸಿತು, ಆದರೆ ಬಾಯಿಗೆ ಬಂದದ್ದು ಬೇರೆ. "ಬಿಸಿಲು ಬೀಳದ ಕಡೆ ಇಡಿ ಅಮ್ಮ, ಅರಿಶಿನದ ಬಣ್ಣ ನಿಲ್ಲಲ್ಲ" ಅಂದೆ.

"ಅರಿಶಿನದ ಇಚಾರ ನಂಗೇ ಹೇಳ್ಕೊಡ್ತೀಯಾ!" ಅಂತ ನಕ್ಕರು.