ನಂದಿನಿ ಲೇಔಟ್‌ನಿಂದ ಸ್ಯಾನ್‌ ಫ್ರಾನ್ಸಿಸ್ಕೊ ಎಷ್ಟು ದೂರ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರು ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿ ಈಗ ಅಪರೂಪವಲ್ಲ. ಚಟ್ನಿಪುಡಿ, ಅಂಟಿನುಂಡೆ, ಬಾಣಂತಿ ಲೇಹ್ಯ ತುಂಬಿದ ಸೂಟ್‌ಕೇಸನ್ನು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, 23 ಕೆ.ಜಿ. ದಾಟಿತೇ ಎಂದು ಮನೆಮಂದಿಯೆಲ್ಲ ಬಗ್ಗಿ ನೋಡುತ್ತಾರೆ. ತೂಕಕ್ಕೆ ಹಾಕುವಷ್ಟು ಲೆಕ್ಕವನ್ನು ಪ್ರಯಾಣದ ಹೊತ್ತಿಗೂ ಹಾಕಬೇಕು.

ಬೆಂಗಳೂರಿನಿಂದ ಸ್ಯಾನ್‌ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14,000 ಕಿ.ಮೀ. ಭೂಮಿ ದುಂಡಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರಕ್ಕೆ ಬಾಗಿ ಸೈಬೀರಿಯಾದ ಮೇಲೆ ಹೋಗುತ್ತದೆ. ಆದರೆ ವಿಮಾನ ಸದಾ ಅದೇ ದಾರಿ ಹಿಡಿಯುವುದಿಲ್ಲ. ಆಗಸದ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್‌ ಸ್ಟ್ರೀಮ್‌ ಗಾಳಿ ಹಿಂದಿನಿಂದ ಬಂದರೆ ಹೊತ್ತು ಉಳಿಯುತ್ತದೆ, ಇಂಧನವೂ ಉಳಿಯುತ್ತದೆ. ಎದುರಾದರೆ ಎರಡೂ ಹೆಚ್ಚು ಬೇಕು. ಹಾಗಾಗಿ ಕೆಲವೊಮ್ಮೆ ಸುತ್ತುದಾರಿಯೇ ಲಾಭ.

ಇದಕ್ಕೆ ನಮ್ಮೂರಿನದೇ ನಿದರ್ಶನವಿದೆ. 2021ರ ಜನವರಿ 9ರ ರಾತ್ರಿ ಸ್ಯಾನ್‌ ಫ್ರಾನ್ಸಿಸ್ಕೊದಿಂದ ಹೊರಟ ಏರ್‌ ಇಂಡಿಯಾದ ಬೋಯಿಂಗ್‌ 777 ವಿಮಾನವನ್ನು ಕ್ಯಾಪ್ಟನ್‌ ಜೋಯಾ ಅಗರ್‌ವಾಲ್‌ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದರು. ಉತ್ತರ ಧ್ರುವದ ಮೇಲೆ ಹಾಯ್ದು, ಸುಮಾರು 16,000 ಕಿ.ಮೀ. ಹಾರಿ, 11ರ ನಸುಕಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಸಿದರು. ಸುಮಾರು 17 ಗಂಟೆಗಳ ಆ ಹಾರಾಟ ಎರಡೂ ಊರುಗಳ ನಡುವಿನ ಮೊದಲ ತಡೆರಹಿತ ಸಂಚಾರ. ಇಡೀ ಕರ್ನಾಟಕ ಹೆಮ್ಮೆಪಡಬೇಕಾದ ದಿನ ಅದು.

ಗಡಿಯಾರದ ಲೆಕ್ಕ ಇನ್ನೊಂದು ಬಗೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಇಳಿದಾಗ ಅದೇ ದಿನದ ಸಂಜೆ 5. ಟಿಕೆಟ್‌ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ ಎನಿಸುತ್ತದೆ. ದೇಹಕ್ಕೆ ಅದು ಒಂದು ಇಡೀ ರಾತ್ರಿಯ ನಿದ್ದೆಗೇಡು.

ಟಿಕೆಟ್‌ನಲ್ಲಿ ಕಾಣದ ಹೊತ್ತೂ ಇದೆ. ನಂದಿನಿ ಲೇಔಟ್‌ನಿಂದ ಗೊರಗುಂಟೆಪಾಳ್ಯ, ಬಿಇಎಲ್‌ ವೃತ್ತ, ಹೆಬ್ಬಾಳ ದಾಟಿ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ಸಂಜೆಯ ಟ್ರಾಫಿಕ್‌ನಲ್ಲಿ ಹೆಬ್ಬಾಳವೊಂದೇ ಮುಕ್ಕಾಲು ಗಂಟೆ ತಿಂದೀತು. ಚೆಕ್‌ಇನ್‌ಗೆಂದು ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಅಮೆರಿಕದಲ್ಲಿ ಇಳಿದ ಮೇಲೆ ಇಮಿಗ್ರೇಷನ್‌ ಸಾಲು. ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವುದಾದರೆ ಮನೆಯಿಂದ ಮನೆಗೆ 30 ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ನಾಲ್ಕು ಗಂಟೆಗೂ ಮೀರಿ ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ನಡೆಯಬೇಕು, ನೀರು ಕುಡಿಯಬೇಕು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮಾತ್ರೆಯ ಹೊತ್ತನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮಾತ್ರೆ ಕೈಚೀಲದಲ್ಲೇ ಇರಲಿ.

ಅಮೆರಿಕದಲ್ಲಿ ಕೂತು ಟಿಕೆಟ್‌ ಬುಕ್‌ ಮಾಡುವ ಮಕ್ಕಳಲ್ಲಿ ಒಂದು ವಿನಂತಿ: ಹತ್ತು ಸಾವಿರ ರೂಪಾಯಿ ಉಳಿಯುತ್ತದೆಂದು ಅಪ್ಪ ಅಮ್ಮನನ್ನು ಎರಡು ಕಡೆ ವಿಮಾನ ಹತ್ತಿಸಿ ಇಳಿಸಬೇಡಿ. ಬುಕ್‌ ಮಾಡುವಾಗಲೇ ವೀಲ್‌ಚೇರ್‌ ಕೇಳಿ. ಮನೆಯ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗಂಟೆ ಎಂದು ಎಣಿಸಿ, ಆಮೇಲೆ ದರ ನೋಡಿ.