ಉಪ್ಪುನೀರಿಗೆ ಉಪ್ಪೇ ಮದ್ದು

ಬೇಳೆ ಬೇಯುವುದಿಲ್ಲ, ಸೋಪು ಎಷ್ಟು ಉಜ್ಜಿದರೂ ನೊರೆ ಬಾರದು, ತಲೆಗೆರೆದುಕೊಂಡು ಬಂದ ಹೆಣ್ಣುಮಕ್ಕಳ ಕೂದಲು ತೆಂಗಿನ ನಾರಿನಂತೆ ಒರಟಾಗಿರುತ್ತದೆ. ನೀರು ಕಾಯಿಸುವ ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಬಿಳಿಯ ಪೊರೆ ಹತ್ತಿ, ವರ್ಷ ಕಳೆಯುವುದರೊಳಗೆ ಅದು ಉಳಿಯಿಂದ ಕೆತ್ತಬೇಕಾದಷ್ಟು ಗಟ್ಟಿಯಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೊಳವೆಬಾವಿಯನ್ನೇ ನಂಬಿದ ಗೃಹಿಣಿಯರಿಗೆ ಇದಾವುದೂ ಹೊಸ ಸಂಗತಿಯಲ್ಲ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಗೆ ಹೆಸರಿನಲ್ಲೇನೋ ಹಾಲುಂಟು. ಆದರೆ ನೂರಾರು ಅಡಿ ಆಳದ ಬಂಡೆಯ ಸೀಳಿನಿಂದ ಮೇಲೆ ಬರುವ ನೀರಿಗೆ ಹಾಲಿನ ಸೌಮ್ಯಗುಣ ಇರಲೇಬೇಕೆಂಬ ನಿಯಮವಿಲ್ಲ.

ಜನರು ಇದನ್ನು ‘ಉಪ್ಪುನೀರು’ ಎನ್ನುವರು. ನಿಜದಲ್ಲಿ ಇದರ ಕಾಟಕ್ಕೆ ಕಾರಣ ಅಡಿಗೆಯ ಉಪ್ಪಲ್ಲ, ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಚಿಕ್ಕನಾಯಕನಹಳ್ಳಿಯ ಸುತ್ತಣ ಬೆಟ್ಟಗಳು ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿಗೆ ಹೆಸರಾದವು. ಅದೇ ಶಿಲಾಪಟ್ಟಿಯಲ್ಲಿ ಸುಣ್ಣಕಲ್ಲೂ ಉಂಟು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ತಲೆಯೆತ್ತಿದುದನ್ನು ನೆನೆದರೆ, ಈ ಸೀಮೆಯ ಹಂಡೆಗಳಲ್ಲಿ ಸುಣ್ಣ ಕಟ್ಟುವುದು ಸೋಜಿಗವೆನಿಸದು. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದೆಂದೂ, ಬೇರೆ ದಾರಿಯಿಲ್ಲದಿದ್ದರೆ ೬೦೦ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಸಹಿಸುವುದು ನಾಲಗೆ, ಗೀಸರಿನ ಸುರುಳಿಯೂ ಸೋಲಾರ್ ಹೀಟರಿನ ಕೊಳವೆಯೂ ಅಷ್ಟನ್ನು ಸಹಿಸಲಾರವು.

ಆದ್ದರಿಂದಲೇ ಹಲವು ಮನೆಗಳ ಹಿತ್ತಿಲಿಗೆ ಸಾಫ್ಟ್‌ನರ್ ಎಂಬ ಯಂತ್ರ ಬಂದಿದೆ. ಎದೆಯೆತ್ತರದ ಒಂದು ಫೈಬರ್ ಸಿಲಿಂಡರ್; ಪಕ್ಕದಲ್ಲಿ ಉಪ್ಪು ನೆನೆಯುವ ಒಂದು ತೊಟ್ಟಿ. ಸಿಲಿಂಡರಿನ ಹೊಟ್ಟೆಯಲ್ಲಿರುವುದೆಲ್ಲ ಗಸಗಸೆಯಷ್ಟು ಸಣ್ಣ, ಬೆಲ್ಲದ ಬಣ್ಣದ ಮಣಿಗಳು. ಇವಕ್ಕೆ ರೆಸಿನ್ ಎಂದು ಹೆಸರು. ಪ್ರತಿ ಮಣಿಯೂ ಸೋಡಿಯಂ ಕಣಗಳನ್ನು ಹೊತ್ತು ಕುಳಿತಿರುತ್ತದೆ. ಗಡಸು ನೀರು ಹಾಯುವಾಗ ಮಣಿಯು ಕ್ಯಾಲ್ಸಿಯಮನ್ನು ಹಿಡಿದಿಟ್ಟು, ಬದಲಿಗೆ ಸೋಡಿಯಮನ್ನು ಬಿಟ್ಟುಕೊಡುತ್ತದೆ. ಕೊಡಲು ಸೋಡಿಯಂ ಮುಗಿದಾಗ ಗಟ್ಟಿ ಉಪ್ಪುನೀರನ್ನು ಹಾಯಿಸಿದರೆ ವ್ಯಾಪಾರ ತಿರುಗುಮುರುಗಾಗಿ, ಕ್ಯಾಲ್ಸಿಯಂ ಚರಂಡಿಗೆ ಹೋಗಿ ಮಣಿಗಳು ಮತ್ತೆ ಸಿದ್ಧವಾಗುತ್ತವೆ. ‘ಉಪ್ಪುನೀರಿಗೆ’ ಉಪ್ಪೇ ಮದ್ದಾಗುವ ಬಗೆ ಇದು. ಬೇಳೆ ಬೇಯದಿದ್ದಾಗ ಅಜ್ಜಿಯರು ಚಿಟಿಕೆ ಅಡಿಗೆಸೋಡ ಹಾಕುತ್ತಿದ್ದರಲ್ಲ, ಅಲ್ಲಿಯೂ ಸೋಡಿಯಮ್ಮಿನ ಕೈವಾಡ ಉಂಟು.

ಮಣ್ಣಿಗೆ ಇಂಥ ಅದಲುಬದಲಿನ ಗುಣವುಂಟೆಂಬುದನ್ನು ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬವರು ೧೮೫೦ರಲ್ಲಿ ತೋರಿಸಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಗಾನ್ಸ್ ಕೃತಕ ಖನಿಜದಿಂದ ನೀರನ್ನು ಮೆದುಗೊಳಿಸಿದನು. ೧೯೩೫ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳದಿಂದ ಅದೇ ಕೆಲಸ ಮಾಡಿಸಿದರು. ಇಂದು ಮನೆಗಳಲ್ಲಿರುವ ಪಾಲಿಸ್ಟೈರೀನ್ ಮಣಿಗಳು ೧೯೪೦ರ ದಶಕದಲ್ಲಿ ಅಮೆರಿಕದ ಡಿ’ಅಲೇಲಿಯೋ ತೋರಿದ ದಾರಿಯವು. ತೆಂಗಿನ ತೋಟಕ್ಕೆ ಅವು ಬಂದು ಸೇರಿದ್ದು ಬಹಳ ತಡವಾಗಿ; ಕೊಳವೆಬಾವಿಗಳು ಕೆರೆ, ತೆರೆದ ಬಾವಿಗಳ ಸ್ಥಾನವನ್ನು ಕಿತ್ತುಕೊಂಡ ಮೇಲೆ.

ಹಾಲ್ಕುರಿಕೆಯ ತೋಟದ ಮನೆಯೊಂದನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಅಟ್ಟದ ತುಂಬ ಉಂಡೆಕೊಬ್ಬರಿಯಾಗಲು ಕಾದಿರುವ ಕಾಯಿ. ಮನೆಯಲ್ಲಿ ವಯಸ್ಸಾದ ತಂದೆತಾಯಿ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಒಂಬತ್ತು ವರ್ಷದ ಹಿಂದೆ ಅವನೇ ಹಾಕಿಸಿದ ಯಂತ್ರ ಈ ಬೇಸಗೆಯಲ್ಲಿ ಕೈಕೊಟ್ಟಿದೆ. ಪೇಟೆಯ ರಿಪೇರಿಯವನು ಫೋನಿನಲ್ಲಿಯೇ ತೀರ್ಪು ಕೊಟ್ಟಿದ್ದಾನೆ: ರೆಸಿನ್ ಸತ್ತಿದೆ, ಬದಲಿಸಬೇಕು. ಭಾನುವಾರ ಬಂದ ಮಗನಿಗೆ ತಾಯಿ ಹೇಳುತ್ತಾಳೆ: “ನೋಡಪ್ಪ, ಸುಮ್ಮನೆ ದುಡ್ಡು ಸುರೀಬೇಡ. ಮೊದಲು ಬಿಚ್ಚಿ ನೋಡು.” ಮಗ, “ಆಯ್ತಮ್ಮ, ನೋಡ್ತೀನಿ” ಎನ್ನುತ್ತಾನೆ.

ತಾಯಿಯ ಮಾತೇ ಸರಿಯಾದುದು. ಸ್ವಚ್ಛವಾದ ನೀರಿನಲ್ಲಿ ಒಳ್ಳೆಯ ರೆಸಿನ್ ಹತ್ತು ಹದಿನೈದು ವರ್ಷ ಬಾಳುತ್ತದೆ. ಅದರ ತಲೆಗೆ ಕಟ್ಟುವ ಅಪರಾಧಗಳಲ್ಲಿ ಎಷ್ಟೋ ಬೇರೆಯವರವು. ಉಪ್ಪಿನ ತೊಟ್ಟಿಯನ್ನು ಇಣುಕಿದರೆ ಮೇಲೆ ಉಪ್ಪು ತುಂಬಿದಂತೆಯೇ ಕಾಣುತ್ತದೆ. ಕೋಲಿನಿಂದ ಕುಟ್ಟಿದರೆ ‘ಡಬ್’ ಎಂದು ಟೊಳ್ಳು ಸದ್ದು! ಮೇಲ್ಪದರ ಸೇತುವೆಯಂತೆ ಗಟ್ಟಿಕಟ್ಟಿ, ಕೆಳಗಿನ ನೀರಿಗೆ ಉಪ್ಪು ತಾಕುತ್ತಲೇ ಇರುವುದಿಲ್ಲ. ಪುಡಿಯುಪ್ಪು ಬಳಸುವ ಮನೆಗಳಲ್ಲಿ ಇದು ಹೆಚ್ಚು. ಶುದ್ಧವಾದ ಹರಳುಪ್ಪೇ ಈ ಕೆಲಸಕ್ಕೆ ಲೇಸು. ಉಪ್ಪುನೀರನ್ನು ಎಳೆದುಕೊಳ್ಳುವ ಸಣ್ಣ ರಂಧ್ರದಲ್ಲಿ ಮರಳು ಕೂತಿರಬಹುದು. ಯಾರೋ ಬೈಪಾಸ್ ಕವಾಟವನ್ನು ತಿರುಗಿಸಿ ಮರೆತಿರಬಹುದು. ಇನ್ನೊಂದು ಸಾಧ್ಯತೆ, ಬೇಸಗೆಯಲ್ಲಿ ಬಾವಿ ಇಳಿದು ನೀರಿನ ಗಡಸುತನವೇ ಏರಿರುವುದು.

ಈ ಕಡೆಯ ಮಾತಿಗೆ ಸ್ವಲ್ಪ ಲೆಕ್ಕ ಬೇಕು. ೨೫ ಲೀಟರ್ ರೆಸಿನ್ ಇರುವ ಯಂತ್ರಕ್ಕೆ ಒಂದು ಸಲ ೩ ಕಿಲೋ ಉಪ್ಪು ಉಣಿಸಿದರೆ, ಸುಮಾರು ೧,೨೫೦ ಗ್ರಾಂ ಗಡಸನ್ನು ಅದು ಹಿಡಿಯಬಲ್ಲುದು. ನೀರಿನ ಗಡಸುತನ ಲೀಟರಿಗೆ ೫೦೦ ಮಿಲಿಗ್ರಾಂ ಇದ್ದರೆ ೨,೫೦೦ ಲೀಟರ್ ಮೆದುನೀರು ದೊರೆಯಿತು. ದಿನಕ್ಕೆ ೫೦೦ ಲೀಟರ್ ಬಳಸುವ ಸಂಸಾರಕ್ಕೆ ಐದು ದಿನ. ಬೇಸಗೆಯಲ್ಲಿ ಗಡಸುತನ ೮೦೦ಕ್ಕೆ ಏರಿದರೆ ಮೂರು ದಿನವೇ ಸರಿ. ಯಂತ್ರವನ್ನು ಐದು ದಿನಕ್ಕೆ ಗೊತ್ತುಮಾಡಿಟ್ಟು, ನಾಲ್ಕನೆಯ ದಿನ ನೊರೆ ಬರಲಿಲ್ಲವೆಂದು ರೆಸಿನ್ನನ್ನು ದೂರುವುದು ನ್ಯಾಯವೆ?

ಪರೀಕ್ಷೆ ಬಲು ಸುಲಭ. ಉಪ್ಪುನೀರು ಹಾಯಿಸಿ ತೊಳೆದ ಕೂಡಲೆ ಯಂತ್ರದ ನೀರನ್ನು ಒಂದು ಸೀಸೆಗೂ, ಹಿಡಿದಿಟ್ಟ ಮಳೆಯ ನೀರನ್ನು ಇನ್ನೊಂದಕ್ಕೂ ಸಮನಾಗಿ ಹಾಕಿ, ಐದೈದು ತೊಟ್ಟು ಸೋಪಿನ ನೀರು ಬೆರಸಿ ಕುಲುಕಬೇಕು. ಡಿಟರ್ಜೆಂಟ್ ಪುಡಿ ಬೇಡ, ಬಟ್ಟೆ ಸೋಪೇ ಆಗಬೇಕು. ಎರಡರಲ್ಲೂ ಒಂದೇ ನೊರೆ ನಿಂತರೆ ರೆಸಿನ್ ಬದುಕಿದೆ. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ ೧೮೪೦ರ ದಶಕದಲ್ಲಿ ಗಡಸನ್ನು ಅಳೆದುದು ಹೀಗೆ ಸೋಪಿನಿಂದಲೇ. ಹನಿ ಹಾಕಿದಾಗ ಕೆಂಬಣ್ಣದಿಂದ ನೀಲಿಗೆ ತಿರುಗುವ ಪರೀಕ್ಷಾ ಪೊಟ್ಟಣ ಸಿಕ್ಕಿದರೆ ಅಂಕಿಯೂ ತಿಳಿದೀತು.

ಹಾಲ್ಕುರಿಕೆಯ ನಮ್ಮ ಕಲ್ಪನೆಯ ಮನೆಯಲ್ಲಿ ಉಪ್ಪು ಸರಿಯಾಗಿತ್ತು, ಕವಾಟ ಸರಿಯಾಗಿತ್ತು. ಸೀಸೆಯಲ್ಲಿ ನೊರೆ ಮಾತ್ರ ಏಳಲಿಲ್ಲ. ಸಿಲಿಂಡರಿನ ತಲೆ ಬಿಚ್ಚಿ ಒಂದು ಚಮಚ ಮಣಿ ತೆಗೆದಾಗ ಕಾರಣ ತಿಳಿಯಿತು. ಬೆಲ್ಲದ ಬಣ್ಣ ಹೋಗಿ ಮಣಿಗಳು ತುಕ್ಕಿನ ಕೆಂಪಾಗಿದ್ದವು. ಬೆಟ್ಟದ ಅದಿರಿನ ಕಬ್ಬಿಣ ನೀರಿನೊಡನೆ ಬಂದು ಮಣಿಗಳಿಗೆ ಕವಚ ತೊಡಿಸಿತ್ತು. ಮೊದಲ ಹಂತದಲ್ಲಿದ್ದರೆ ಸಿಟ್ರಿಕ್ ಆಮ್ಲದಂಥ ತೊಳೆಮದ್ದಿನಿಂದ ಇದನ್ನು ಬಿಡಿಸಬಹುದು. ಬೆರಳಲ್ಲಿ ಹಿಸುಕಿದರೆ ಮಣಿ ಪುಡಿಯಾಗುವಂತಿದ್ದರೆ ತೊಳೆದು ಫಲವಿಲ್ಲ. ಬೆಂಗಳೂರಿನಂಥ ಊರುಗಳ ನಲ್ಲಿನೀರಿನಲ್ಲಿ ಮಣಿಗಳನ್ನು ಕೊಲ್ಲುವುದು ಕಬ್ಬಿಣವಲ್ಲ, ಕ್ಲೋರಿನ್. ಅದು ತಾಕಿದ ಮಣಿ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ತಡೆಯಲು ಯಂತ್ರದ ಮುಂದೆ ಇಡುವ ಸಕ್ರಿಯ ಇದ್ದಲನ್ನು ತೆಂಗಿನ ಚಿಪ್ಪಿನಿಂದಲೇ ಮಾಡುವರೆಂಬುದು ಈ ಸೀಮೆಯವರಿಗೆ ಸಂತೋಷದ ಸುದ್ದಿ.

ಬದಲಿಸುವ ಕೆಲಸಕ್ಕೆ ಅರ್ಧ ದಿನ ಬೇಕು, ಇಬ್ಬರಿದ್ದರೆ ಒಳಿತು. ವಿದ್ಯುತ್ ತೆಗೆದು, ನೀರನ್ನು ಬೈಪಾಸಿಗೆ ತಿರುಗಿಸಿ, ಒಳಗಿನ ಒತ್ತಡ ಇಳಿಸಿದ ಮೇಲಷ್ಟೆ ತಲೆಯನ್ನು ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಒತ್ತಡವಿರುವಾಗ ಬಿಚ್ಚಹೊರಟರೆ ತಲೆ ಸಿಡಿದು ಮುಖಕ್ಕೆ ಬಡಿದೀತು. ಮೆದುಗೊಳವೆಯಿಂದ ನೀರನ್ನೆಳೆದು ಹಗುರ ಮಾಡಿ, ಸಿಲಿಂಡರನ್ನು ಅಂಗಳದಲ್ಲಿ ಮೆಲ್ಲಗೆ ಮಲಗಿಸಿ, ದಟ್ಟ ನೇಯ್ಗೆಯ ಹಳೆಯ ಪಂಚೆಯ ಮೇಲೆ ಮಣಿಗಳನ್ನು ತೊಳೆದಿಳಿಸಬೇಕು. ನಡುಗೊಳವೆಯ ಕೆಳತುದಿಯಲ್ಲಿರುವ ಜರಡಿಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಮರೆಯಬಾರದು. ಅಡಿಗೆಮನೆಯ ನಲ್ಲಿಯಲ್ಲಿ ಮಣಿಗಳು ಉದುರುತ್ತಿದ್ದರೆ ತಪ್ಪು ಈ ಜರಡಿಯ ಬಿರುಕಿನದು; ಅದನ್ನು ಹಾಗೆಯೇ ಬಿಟ್ಟು ಹೊಸ ಮಣಿ ತುಂಬಿದರೆ ಅವೂ ಒಂದೊಂದಾಗಿ ಸಾರಿನ ಪಾತ್ರೆಗೆ ಇಳಿದಾವು.

ತುಂಬುವಾಗ ಮೊದಲ ಎಚ್ಚರಿಕೆ, ನಡುಗೊಳವೆಯ ಬಾಯಿಗೆ ಟೇಪು ಸುತ್ತುವುದು. ಅಲ್ಲಿಗೆ ಹಿಡಿ ಮಣಿ ಬಿದ್ದರೆ ಇಡೀ ಕೆಲಸ ಮೊದಲಿಂದ. ತಳಕ್ಕೆ ಬೆಣಚುಕಲ್ಲಿನ ಪದರವಿದ್ದರೆ ಅದನ್ನು ತೊಳೆದು ಮೊದಲು ಹಾಕಿ, ಕೊಳವೆ ನೆಟ್ಟಗಿರುವಂತೆ ಹಿಡಿದು, ಆಲಿಕೆಯಲ್ಲಿ ರೆಸಿನ್ ಸುರಿಯಬೇಕು. ‘ದುಡ್ಡು ಕೊಟ್ಟದ್ದು’ ಎಂದು ಕಂಠದವರೆಗೆ ತುಂಬುವವರುಂಟು. ಅದು ದೊಡ್ಡ ತಪ್ಪು. ಕೆಳಗಿನಿಂದ ನೀರು ಬಿಟ್ಟು ತೊಳೆಯುವಾಗ ಮಣಿಗಳ ಹಾಸು ಅಕ್ಕಿ ಕುದಿಯುವಂತೆ ಅರ್ಧದಷ್ಟು ಮೇಲೇಳಬೇಕು. ಅದಕ್ಕಾಗಿ ಮೇಲೆ ಮೂರನೆಯ ಒಂದು ಪಾಲಾದರೂ ಖಾಲಿ ಇರಬೇಕು. ಹೊಸ ಮಣಿಗಳು ಚೀಲದಲ್ಲಿ ತೇವವಾಗಿಯೇ ಬರುತ್ತವೆ, ತೇವವಾಗಿಯೇ ಇರಬೇಕು. ಒಣಗಿದ್ದರೆ ಮೊದಲು ಗಟ್ಟಿ ಉಪ್ಪುನೀರಿನಲ್ಲಿ ನೆನೆಸದೆ ಬರಿಯ ನೀರಿಗೆ ಹಾಕಿದರೆ ಥಟ್ಟನೆ ಉಬ್ಬಿ ಬಿರಿಯುತ್ತವೆ. ಆಮೇಲೆ ನಿಧಾನವಾಗಿ ನೀರು ತುಂಬಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಬಣ್ಣದ ನೀರು ತಿಳಿಯಾಗುವವರೆಗೆ ತೊಳೆದು, ಒಮ್ಮೆ ಉಪ್ಪುಣಿಸಿ, ಉಪ್ಪಿನ ರುಚಿ ಹೋಗುವವರೆಗೆ ಹರಿಯಬಿಟ್ಟರೆ ಆಯಿತು.

ನೆಲದ ಮೇಲೆ ಚೆಲ್ಲಿದ ಮಣಿಗಳು ಸಾಸಿವೆಗಿಂತಲೂ ಜಾರು. ಮನೆಯ ಹಿರಿಯರು ಹೆಜ್ಜೆಯಿಡುವ ಮೊದಲೇ ಗುಡಿಸಬೇಕು. ಹಳೆಯ ಮಣಿಗಳನ್ನು ಮರಳೆಂದು ಭಾವಿಸಿ ತೋಟಕ್ಕೋ ಕೆರೆಯ ಏರಿಗೋ ಎರಚುವುದೂ ಸಲ್ಲದು. ಅವು ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವ ಜಾತಿಯವಲ್ಲ. ಚೀಲದಲ್ಲಿ ಕಟ್ಟಿ ಒಣಕಸದೊಡನೆ ಕಳುಹಿಸಬೇಕು.

ಇಷ್ಟಾಗಿಯೂ ತೆಂಗಿನ ಸೀಮೆಯಲ್ಲಿ ಕೇಳಬೇಕಾದ ದೊಡ್ಡ ಪ್ರಶ್ನೆ ಉಳಿಯಿತು: ಆ ಉಪ್ಪೆಲ್ಲ ಎಲ್ಲಿಗೆ ಹೋಯಿತು? ಐದು ದಿನಕ್ಕೆ ೩ ಕಿಲೋ ಎಂದರೆ ವರ್ಷಕ್ಕೆ ಎರಡು ಕ್ವಿಂಟಾಲಿಗೂ ಮಿಕ್ಕಿತು. ಪ್ರತಿಸಲ ತೊಳೆದ ೧೫೦ರಿಂದ ೨೫೦ ಲೀಟರ್ ನೀರು ಹಿತ್ತಿಲ ಮರದ ಪಾತಿಗೆ ಹರಿಯುವುದು ಸಾಮಾನ್ಯ. “ತೆಂಗಿನ ಗುಂಡಿಗೆ ಉಪ್ಪು ಹಾಕಿಯೇ ಅಲ್ಲವೇನೋ ಸಸಿ ನೆಡೋದು?” ಎಂದು ತಂದೆ ಕೇಳಿದರೆ ಅವರ ಮಾತಿನಲ್ಲೂ ನಿಜವುಂಟು. ತೆಂಗಿಗೆ ಉಪ್ಪಿನ ಕ್ಲೋರೈಡ್ ಬೇಕು. ಕಡಲಂಚಿನ ಮರಕ್ಕೆ ಉಪ್ಪುಗಾಳಿ ಹೊಸದಲ್ಲ. ಆದರೆ ಕಾಸರಗೋಡಿನಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಉಪ್ಪನ್ನು ತೊಳೆದೊಯ್ಯುತ್ತದೆ. ತಿಪಟೂರಿನ ಬಯಲಿಗೆ ಆ ಭಾಗ್ಯವಿಲ್ಲ. ಇಲ್ಲಿ ವರ್ಷಗಟ್ಟಲೆ ಒಂದೇ ಪಾತಿಗೆ ಹರಿದ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ, ನೆಲವನ್ನು ನೀರಿಳಿಯದ ಹೆಂಟೆಯಾಗಿಸುತ್ತದೆ. ಮರ ಒಂದೇ ದಿನ ಸಾಯುವುದಿಲ್ಲ. ಗೊನೆ ಸಣ್ಣದಾಗುತ್ತ ಬಂದಾಗ ಸಾಫ್ಟ್‌ನರಿನ ನೆನಪು ಯಾರಿಗೂ ಬರುವುದಿಲ್ಲ. ಮೆದುನೀರನ್ನು ಸ್ನಾನಕ್ಕೂ ಹೀಟರಿಗೂ ಮಾತ್ರ ಕೊಟ್ಟು, ಪಾಯಿಖಾನೆಗೂ ಗಿಡಕ್ಕೂ ಹಸಿನೀರನ್ನೇ ಬಿಟ್ಟರೆ ಉಪ್ಪು ಅರ್ಧಕ್ಕೆ ಇಳಿದೀತು.

ಕುಡಿಯುವ ಮಾತು ಬೇರೆಯೇ. ಗಡಸು ಹೋದ ಮಾತ್ರಕ್ಕೆ ನೀರು ಶುದ್ಧವಾಗಲಿಲ್ಲ. ೫೦೦ ಮಿಲಿಗ್ರಾಂ ಗಡಸನ್ನು ತೆಗೆದ ಯಂತ್ರ ಲೀಟರಿಗೆ ೨೩೦ ಮಿಲಿಗ್ರಾಂ ಸೋಡಿಯಂ ಸೇರಿಸಿರುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟ ಹಿರಿಯರೂ ಹಸುಗೂಸಿನ ಹಾಲಿನ ಪುಡಿ ಕಲಸುವ ತಾಯಂದಿರೂ ಇದನ್ನು ಅರಿತಿರಬೇಕು. ಪಾವಗಡದ ಕಡೆ ಮೂಳೆಗಳನ್ನು ಬಾಗಿಸಿದ ಫ್ಲೋರೈಡನ್ನು ಈ ಮಣಿಗಳು ಮುಟ್ಟುವುದೇ ಇಲ್ಲ. ಬೇಳೆಗೂ ಕುಡಿಯಲಿಕ್ಕೂ ಮಳೆನೀರೇ ಸವಿ: ೧೦೦ ಚದರ ಮೀಟರ್ ಸೂರಿನ ಮೇಲೆ ೧೦ ಮಿಲಿಮೀಟರ್ ಮಳೆ ಬಿದ್ದರೆ ೧,೦೦೦ ಲೀಟರ್. ಸೂರನ್ನು ತೊಳೆದ ಮೊದಲ ನೀರನ್ನು ಹೊರಗೆ ಬಿಟ್ಟು, ಸೋಸಿ, ಕುದಿಸಿಕೊಂಡರೆ ಸಾಕು.

ಸಂಜೆಯ ಹೊತ್ತಿಗೆ ತಾಯಿ ಸೀಸೆಯನ್ನು ಕುಲುಕಿ ನೋಡುತ್ತಾಳೆ. ನೊರೆ ಕತ್ತಿನವರೆಗೆ ಏರಿ ನಿಂತಿದೆ. ತಂದೆ ಹಿತ್ತಿಲಲ್ಲಿ ಗುದ್ದಲಿ ಹಿಡಿದಿದ್ದಾರೆ. ಬಾವಿಯಿಂದಲೂ ಮರಗಳಿಂದಲೂ ದೂರಕ್ಕೆ ಇಂಗುಗುಂಡಿಯ ಜಾಗ ಗುರುತಾಗಿದೆ. ಬೆಂಗಳೂರಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಮಗ ಹಳೆಯ ಕೊಳವೆಯನ್ನು ಮರದ ಪಾತಿಯಿಂದ ಎಳೆದು ತೆಗೆಯುತ್ತಿದ್ದಾನೆ.