ಭಂಡಾರವನ್ನು ಮುಚ್ಚುವ ಕ್ರಮ: ಲಿನಕ್ಸ್ ಕರ್ನಲ್ಲಿನ ಒಂದು ಸಮಸ್ಯೆಯೂ ಅದರ ಪರಿಹಾರವೂ

ಹಳೆಯ ದಾಖಲೆಗಳಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂದೂ ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆ ಎಂದೂ ಹೆಸರಿದೆ. ಅಲ್ಲಿ ಹೆಸರು ಹೋದರೂ ಸ್ಥಳವು ಉಳಿದಿದೆ. ಸಂಶೋಧಕನಿಗೆ ಅದರಿಂದ ಹೆಚ್ಚಿನ ತೊಡಕಿಲ್ಲ. ಕನ್ನಂಬಾಡಿಯ ವಿಷಯ ಬೇರೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯಿಂದ ಆ ಹಳೆಯ ಗ್ರಾಮವು ಮುಳುಗಿತು. ಅದರ ಹೊಲಗಳನ್ನು ಹೆಸರಿಸುವ ಕ್ರಯಪತ್ರವು ಈಗ ನೀರನ್ನು ಮಾತ್ರ ತೋರಿಸಬಲ್ಲುದು. ವಿಳಾಸವು ಉಳಿದು ಸ್ಥಳವು ಇಲ್ಲವಾಗುವ ಇಂಥ ಸ್ಥಿತಿಯು ಗಣಕಯಂತ್ರದೊಳಗೂ ಒದಗುತ್ತದೆ. ಅಲ್ಲಿ ಅದು ಹೆಚ್ಚು ಅಪಾಯಕರ. ಏಕೆಂದರೆ ಬಿಟ್ಟುಕೊಟ್ಟ ಸ್ಥಳವು ಕ್ಷಣಾರ್ಧದಲ್ಲಿ ಬೇರೊಂದು ಕಾರ್ಯಕ್ಕೆ ಹಂಚಿಕೆಯಾಗಬಹುದು. ಹಳೆಯ ವಿಳಾಸವನ್ನು ನಂಬಿ ಬರೆದರೆ ಅನ್ಯರ ಮಾಹಿತಿಯು ಕೆಡುತ್ತದೆ. ಯಂತ್ರವನ್ನು ವಶಪಡಿಸಿಕೊಳ್ಳಲು ದುಷ್ಟರಿಗೆ ಇದೇ ದಾರಿಯಾಗುವುದೂ ಉಂಟು. ‘ಯೂಸ್ ಆಫ್ಟರ್ ಫ್ರೀ’, ಎಂದರೆ ಬಿಟ್ಟುಕೊಟ್ಟ ಮೇಲಿನ ಬಳಕೆ, ಎಂದು ಈ ದೋಷವನ್ನು ಕರೆಯುತ್ತಾರೆ.

ಕರ್ನಲ್ ಎಂಬುದು ಗಣಕಯಂತ್ರದ ಸಮಸ್ತ ವ್ಯವಹಾರವನ್ನು ನಿರ್ವಹಿಸುವ ಮೂಲ ತಂತ್ರಾಂಶ. ಅದರ ಘಟಕಗಳು ಒಂದೇ ಅಳತೆಯ ಸ್ಮೃತಿಖಂಡಗಳ ಭಂಡಾರಗಳನ್ನು ತೆರೆದುಕೊಂಡು, ಕಾರ್ಯವು ಮುಗಿದಾಗ ಅವನ್ನು ಮುಚ್ಚುತ್ತವೆ. ಭಂಡಾರದ ಖಂಡಗಳನ್ನು ಅನೇಕರು ಏಕಕಾಲದಲ್ಲಿ ಓದುತ್ತಿರಬಹುದು. ಇವರಿಗೆ ಅಡ್ಡಿಯಾಗದಂತೆ ಖಂಡವನ್ನು ಹಿಂಪಡೆಯುವ ಆರ್‌ಸಿಯು ಎಂಬ ವಿಧಾನವನ್ನು ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಅವರು 1990ರ ದಶಕದಲ್ಲಿ ಸೀಕ್ವೆಂಟ್ ಸಂಸ್ಥೆಯಲ್ಲಿ ರೂಪಿಸಿದರು. ಖಂಡವನ್ನು ಮೊದಲು ಎಲ್ಲರ ದೃಷ್ಟಿಯಿಂದ ತೆಗೆದು, ಆಗಲೇ ಓದುತ್ತಿದ್ದವರೆಲ್ಲರೂ ಮುಗಿಸಿದ ಮೇಲೆ ಬಿಡುಗಡೆ ಮಾಡುವುದೇ ಇದರ ತತ್ತ್ವ. 2002ರ ಅಕ್ಟೋಬರಿನಲ್ಲಿ ಇದು ಲಿನಕ್ಸಿಗೆ ಸೇರಿತು. ಆ ಕಾರ್ಯದಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರು ಕೇಂದ್ರದ ದೀಪಂಕರ್ ಶರ್ಮಾ ಅವರ ಪಾತ್ರವು ಮುಖ್ಯವಾದುದು.

ಆದರೆ ಬಿಡುಗಡೆ ಮಾಡುವವನು ತಾನೇ ಕಾದು ನಿಲ್ಲಬೇಕೆಂದಿಲ್ಲ. ಮುಂದೆ ನಡೆಯಬೇಕಾದ ಬಿಡುಗಡೆಯನ್ನು ಸರದಿಯಲ್ಲಿ ಬರೆಯಿಸಿ ಹೋಗಬಹುದು. ತೊಡಕು ಇಲ್ಲಿಯೇ ಇದೆ. ನಾಗಮಂಗಲದಲ್ಲಿಯೋ ಶ್ರೀರಂಗಪಟ್ಟಣದಲ್ಲಿಯೋ ಒಂದು ದಾಖಲೆ ಕೊಠಡಿಯನ್ನು ಕೆಡವಬೇಕಾಗಿದೆ ಎಂದು ಭಾವಿಸೋಣ. ಓದುಗರೆಲ್ಲರೂ ಹೊರಟುಹೋದರೆಂದು ಕೆಡವಿದರೆ ಸಾಲದು. ಓದಿ ಬಿಟ್ಟ ಕಟ್ಟುಗಳನ್ನು ಕಪಾಟಿಗೆ ಸೇರಿಸಬೇಕೆಂಬ ಚೀಟಿಗಳು ಜವಾನರ ಕೈಯಲ್ಲಿ ಇನ್ನೂ ಉಳಿದಿರಬಹುದು. ಅವರು ಕಟ್ಟನ್ನು ಹೊತ್ತು ಬರುವ ವೇಳೆಗೆ ಕಪಾಟೇ ಇರುವುದಿಲ್ಲ. ಓದುಗರಿಗಾಗಿ ಕಾಯುವುದು ಒಂದು, ಜವಾನರಿಗಾಗಿ ಕಾಯುವುದು ಇನ್ನೊಂದು. ‘ಸಿಂಕ್ರನೈಸ್ ಆರ್‌ಸಿಯು’ ಎಂಬ ಆಜ್ಞೆಯು ಮೊದಲನೆಯದನ್ನು ಮಾತ್ರ ಮಾಡುತ್ತದೆ.

ಎರಡನೆಯದಕ್ಕಾಗಿ ‘ಆರ್‌ಸಿಯು ಬ್ಯಾರಿಯರ್’ ಎಂಬುದನ್ನು ರಚಿಸಿದವರು ಶರ್ಮಾ ಅವರೇ. ರೈಸರ್-4 ಎಂಬ ಕಡತವ್ಯವಸ್ಥೆಯನ್ನು ಕಳಚುವಾಗ ನಿಕಿತಾ ಡ್ಯಾನಿಲೊವ್ ಅವರಿಗೆ ಒದಗಿದ ಅಗತ್ಯವೇ ಅದಕ್ಕೆ ಕಾರಣ. ಪ್ರತಿಯೊಂದು ಸಂಸ್ಕಾರಕದ ಸರದಿಯ ಕೊನೆಯಲ್ಲಿ ಅದು ತನ್ನದೊಂದು ಚೀಟಿಯನ್ನು ಇಡುತ್ತದೆ. ಸರದಿಯ ಕ್ರಮವು ಎಂದೂ ತಪ್ಪದುದರಿಂದ, ಈ ಚೀಟಿಗಳೆಲ್ಲವೂ ತೀರಿದಾಗ ಹಿಂದಿನವೂ ತೀರಿದವೆಂದೇ ಅರ್ಥ. ಬಹುಕಾಲದ ಅನಂತರ, ಘಟಕಗಳನ್ನು ಕಳಚುವಾಗಲೂ ಇದೇ ಉಪಾಯವು ಒದಗುವುದೆಂದು ಮೆಕೆನ್ನಿ ಅವರು ಕಂಡುಕೊಂಡರು.

ಆದುದರಿಂದ ಭಂಡಾರವನ್ನು ಮುಚ್ಚುವವನು ಅನುಸರಿಸತಕ್ಕ ಕ್ರಮವು ಮೂರು ಹಂತದ್ದು: ಮೊದಲು ಹೊಸ ಚೀಟಿಗಳು ಹುಟ್ಟದಂತೆ ತಡೆಯಬೇಕು, ಬಳಿಕ ಬ್ಯಾರಿಯರಿನಿಂದ ಹಳೆಯ ಚೀಟಿಗಳು ತೀರುವವರೆಗೆ ಕಾಯಬೇಕು, ಆಮೇಲೆಯೇ ಭಂಡಾರವನ್ನು ನಾಶಮಾಡಬೇಕು. ಮೊದಲ ಹಂತವನ್ನು ಬಿಟ್ಟರೆ ಎರಡನೆಯದು ವ್ಯರ್ಥ. ಕಾದು ಮುಗಿದ ಮರುಕ್ಷಣವೇ ಹೊಸ ಚೀಟಿಯು ಹುಟ್ಟೀತು. ಹೀಗಿದ್ದರೂ, ‘ಕೆಫ್ರೀ ಆರ್‌ಸಿಯು’ ಎಂಬ ಬೇರೊಂದು ಮಾರ್ಗದಲ್ಲಿ ಗುಂಪುಗುಂಪಾಗಿ ಬಿಡುಗಡೆಯಾಗುವ ಖಂಡಗಳಿಗೆ ಹಳೆಯ ಬ್ಯಾರಿಯರು ಕಾಯುತ್ತಿರಲಿಲ್ಲ. 2024ರಲ್ಲಿ, ಭಂಡಾರವನ್ನು ನಾಶಮಾಡುವ ಆಜ್ಞೆಯೇ ಅವುಗಳಿಗಾಗಿಯೂ ಕಾಯುವಂತೆ ಲಿನಕ್ಸಿನಲ್ಲಿ ಏರ್ಪಾಡಾಯಿತು. ಬಳಸುವವರ ಎಚ್ಚರಿಕೆಗೆ ಬಿಟ್ಟಿದ್ದ ಹೊಣೆಯ ಒಂದಂಶವನ್ನು ಹೀಗೆ ವ್ಯವಸ್ಥೆಯೇ ವಹಿಸಿಕೊಂಡಿತು; ಉಳಿದುದರಲ್ಲಿ ಮೇಲಿನ ಕ್ರಮವೇ ಇಂದಿಗೂ ಆಧಾರವಾಗಿದೆ.